ಸಂತೋಷದ ದಿನ ತೊಂದರೆಗಳ ಮಾತೇಕೆ?

ಶಾಲೆಯ ವರ್ಷಾಂತ್ಯದ ವರದಿ ಬರೆಯಲು ಕೂತವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಕೇಳುವ ಪ್ರಶ್ನೆ ಇದು: ಪೋಷಕರು, ಮಕ್ಕಳು ಎಲ್ಲ ಸೇರಿದ ದಿನ ಸಾಧನೆಗಳನ್ನು ಓದಿ, ಹೋಗುವವರನ್ನು ಬೀಳ್ಕೊಟ್ಟರೆ ಸಾಲದೇ? ಆ ವರ್ಷದ ತೊಂದರೆಗಳನ್ನೂ ಹೇಳಬೇಕೇ?

ಹೇಳಬೇಕು, ಆದರೆ ಎಣಿಸಿ ಹೇಳಬೇಕು. ‘ಹಲವು ಸವಾಲುಗಳ ನಡುವೆಯೂ’ ಎಂದು ತೇಲಿಸಿ ಬಿಡುವುದಾದರೆ ಹೇಳದಿರುವುದೇ ವಾಸಿ. ಗಣಿತಕ್ಕೆ ಶಿಕ್ಷಕರಿಲ್ಲದೆ ಮೂರು ತಿಂಗಳು ಕಳೆದದ್ದು ಸಭೆಯಲ್ಲಿ ಕೂತ ಪ್ರತಿ ಮನೆಗೂ ಗೊತ್ತಿರುತ್ತದೆ. ಅದನ್ನು ನುಂಗಿಕೊಂಡು ಓದಿದ ವರದಿಯಲ್ಲಿ ನಿಜವಾದ ಸಾಧನೆಯೂ ಬಣ್ಣದ ಮಾತಿನಂತೆ ಕೇಳಿಸುತ್ತದೆ.

ಲೆಕ್ಕ ಕಷ್ಟವೇನಲ್ಲ. ವಾರಕ್ಕೆ 6 ಪೀರಿಯಡ್, 12 ವಾರ ಎಂದರೆ 72. ಬೇರೆ ಶಿಕ್ಷಕರು 30 ತೆಗೆದುಕೊಂಡರು, ಹೆಚ್ಚುವರಿ ತರಗತಿಗಳಲ್ಲಿ 24 ಆಯಿತು ಎಂದಿಟ್ಟುಕೊಳ್ಳಿ. ಉಳಿದದ್ದು 18. ಈ 18ರಲ್ಲಿ ಬಿಟ್ಟುಹೋದ ಪಾಠ ಯಾವುದು, ಮುಂದಿನ ತರಗತಿಯಲ್ಲಿ ಅದನ್ನು ಯಾವಾಗ ತೆಗೆದುಕೊಳ್ಳುತ್ತಾರೆ ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ತಪ್ಪು ಯಾರದು ಎಂಬ ವಿಚಾರಣೆಗೆ ಆ ವೇದಿಕೆ ಜಾಗವಲ್ಲ.

ಹಾಜರಾತಿಯಲ್ಲಿ ಮೋಸ ಹೋಗುವುದು ಸುಲಭ. 200 ಮಕ್ಕಳ ಶಾಲೆಯಲ್ಲಿ ಸರಾಸರಿ ಹಾಜರಾತಿ ಶೇ. 92 ಎಂದರೆ ಕೇಳಲು ಚೆನ್ನಾಗಿಯೇ ಇದೆ. ಆದರೆ 180 ಮಕ್ಕಳು ಶೇ. 98ರ ಹತ್ತಿರ ಬಂದು, ಉಳಿದ 20 ಮಕ್ಕಳು ಶೇ. 40ರಷ್ಟು ದಿನ ಮಾತ್ರ ಬಂದರೂ ಸರಾಸರಿ ಅಷ್ಟೇ ಬರುತ್ತದೆ. ವರದಿಗೆ ಬೇಕಾದ ಸಂಖ್ಯೆ ಆ 20. ಹೆಸರು ಬೇಡ, ಯಾವ ತರಗತಿ ಎಂದೂ ಬೇಡ. ಎಂಟೋ ಹತ್ತೋ ಮಕ್ಕಳಿರುವ ತರಗತಿಯಾದರೆ ಗುರುತು ಹಿಡಿಯಲು ಹೆಸರೇ ಬೇಕಿಲ್ಲ.

ಸಾಧನೆಗೂ ಇದೇ ಎಚ್ಚರ ಬೇಕು. 8 ಮಕ್ಕಳ ತರಗತಿಯಲ್ಲಿ 6ರ ಬದಲು 7 ಮಕ್ಕಳು ಪಾಸಾದರೆ ಫಲಿತಾಂಶ ಶೇ. 75ರಿಂದ ಶೇ. 87.5ಕ್ಕೆ ಏರುತ್ತದೆ. ಅದನ್ನು ‘ಭಾರಿ ಏರಿಕೆ’ ಎನ್ನುವ ಬದಲು ‘ಕಳೆದ ವರ್ಷ 8ರಲ್ಲಿ 6, ಈ ವರ್ಷ 8ರಲ್ಲಿ 7’ ಎಂದರೆ ಮುಗಿಯಿತು. ಅದೂ ಬೇರೆ ಬೇರೆ ಮಕ್ಕಳ ಹೋಲಿಕೆ. ಅದೇ ಮಕ್ಕಳು ವರ್ಷದ ಆರಂಭದಲ್ಲಿ ಏನು ಓದಬಲ್ಲವರಾಗಿದ್ದರು, ಈಗ ಏನು ಓದಬಲ್ಲರು ಎಂಬುದೇ ಹೆಚ್ಚು ತೂಕದ ಮಾತು. ಶುರುವಿನಲ್ಲೇ ಬರೆದಿಡದಿದ್ದರೆ ಕೊನೆಯಲ್ಲಿ ಇದನ್ನು ಹೇಳಲಾಗದು.

ಬೀಳ್ಕೊಡುಗೆಯಲ್ಲಿ ಹೆಚ್ಚು ಎಡವುವುದು ಪಟ್ಟಿ ಮಾಡುವಾಗ. ಕೊನೆಯ ತರಗತಿಯ ಮಕ್ಕಳು, ನಿವೃತ್ತರಾಗುವ ಶಿಕ್ಷಕರು ಎಲ್ಲರಿಗೂ ನೆನಪಿರುತ್ತಾರೆ. ವರ್ಷದ ನಡುವೆಯೇ ಶಾಲೆ ಬಿಟ್ಟ ಮಕ್ಕಳು, ಹೊರಗುತ್ತಿಗೆಯ ಕಾವಲುಗಾರ, ಆಯಾ, ಆರು ತಿಂಗಳಿಗಷ್ಟೇ ಬಂದ ಬದಲಿ ಶಿಕ್ಷಕರು ತಪ್ಪಿಹೋಗುತ್ತಾರೆ. ದಾಖಲಾತಿ ಪುಸ್ತಕ, ಸಂಬಳದ ಪಟ್ಟಿ ಎರಡನ್ನೂ ಎದುರಿಗಿಟ್ಟುಕೊಂಡು ಪಟ್ಟಿ ಮಾಡಿದರೆ ಹೆಚ್ಚಿನವರು ಬಿಟ್ಟುಹೋಗುವುದಿಲ್ಲ. ಆದರೆ ಗುತ್ತಿಗೆಯವರ ಹೆಸರು ಸಂಬಳದ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಅವರಿಗಾಗಿ ಕಚೇರಿಯವರನ್ನೇ ಕೇಳಬೇಕು. ಆ ವರ್ಷ ಯಾರಾದರೂ ತೀರಿಕೊಂಡಿದ್ದರೆ ಮನೆಯವರ ಒಪ್ಪಿಗೆ ಪಡೆದು, ಕಾರ್ಯಕ್ರಮದ ಮೊದಲಲ್ಲೇ ಹೆಸರು ಹೇಳಿ ಒಂದು ನಿಮಿಷ ಮೌನ. ಬಹುಮಾನಗಳ ಚಪ್ಪಾಳೆಯ ನಡುವೆ ಅದನ್ನು ತುರುಕಬಾರದು.

ಹೋಗುವವರ ಬಗ್ಗೆ ಮಾತಾಡುವವರು ‘ಸರಳ, ಸಜ್ಜನ, ಶ್ರಮಜೀವಿ’ ಎಂದು ಶುರುಮಾಡಿದರೆ ಸಭೆ ಕಿವಿ ಮುಚ್ಚಿಕೊಂಡಂತೆಯೇ. ಎರಡು ವಾರ ಮುಂಚೆ ಮೂರು ಮಕ್ಕಳನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ‘ಅವರು ಮಾಡಿದ ಒಂದು ಕೆಲಸ ಹೇಳಿ’ ಎಂದು ಕೇಳಿ. ತಪ್ಪು ಉತ್ತರಕ್ಕೆ ಬೈಯದೆ ಅದನ್ನೇ ಬೋರ್ಡಿನ ಮೇಲೆ ಬರೆದು ಎಲ್ಲಿ ದಾರಿ ತಪ್ಪಿತೆಂದು ಹುಡುಕಿಸುತ್ತಿದ್ದರು ಎಂಬಂಥ ಒಂದು ವಿವರ ಸಿಕ್ಕರೆ ಭಾಷಣದ ಮುಕ್ಕಾಲು ಪಾಲು ಆಯಿತು. ವೇದಿಕೆ ಹತ್ತಲು ಅವರಿಗೆ ಇಷ್ಟವಿದೆಯೇ ಎಂದೂ ಕೇಳಿ. ಕೆಲವರಿಗೆ ಸ್ಟಾಫ್ ರೂಮಿನ ಹತ್ತು ನಿಮಿಷವೇ ಸಾಕು.

ಇನ್ನು ಸಮಯ. ಕನ್ನಡ ಪದಗಳು ಉದ್ದ; ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 90 ಪದ ಎಂದು ಹಿಡಿಯಿರಿ. ಹಾಗಾಗಿ 10 ನಿಮಿಷದ ವರದಿಗೆ 900 ಪದ ದಾಟಬಾರದು. ಕಾಲವನ್ನು ನಿಜವಾಗಿ ತಿನ್ನುವುದು ಬಹುಮಾನ ವಿತರಣೆ. ಹೆಸರು ಕರೆದ ಮೇಲೆ ಮಗು ಕುರ್ಚಿಯಿಂದ ಎದ್ದು ಬಂದು, ಫೋಟೋ ತೆಗೆಸಿಕೊಂಡು ಇಳಿಯಲು 40 ಸೆಕೆಂಡ್ ಹಿಡಿದರೆ 60 ಬಹುಮಾನಕ್ಕೆ 40 ನಿಮಿಷ. ಮುಂದಿನ ಐವರನ್ನು ಮೆಟ್ಟಿಲ ಬಳಿ ಸಾಲಾಗಿ ನಿಲ್ಲಿಸಿ, ಒಂದು ಕಡೆ ಹತ್ತಿಸಿ ಇನ್ನೊಂದು ಕಡೆ ಇಳಿಸಿ, ಫೋಟೋವನ್ನು ತರಗತಿಗೊಂದರಂತೆ ಗುಂಪಾಗಿ ತೆಗೆದರೆ ತಲಾ 15 ಸೆಕೆಂಡಿಗೆ ಇಳಿಯುತ್ತದೆ: ಒಟ್ಟು 15 ನಿಮಿಷ. ಬೀಳ್ಕೊಡುಗೆಯನ್ನು ಬಹುಮಾನಕ್ಕಿಂತ ಮೊದಲು ಇಡಿ. ತಮ್ಮ ಮಗುವಿಗೆ ಬಹುಮಾನ ಬಂದ ಕೂಡಲೇ ಪೋಷಕರು ಎದ್ದು ಹೊರಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವರು ಖಾಲಿ ಕುರ್ಚಿಗಳ ಮುಂದೆ ಮಾತಾಡಬೇಕಾಗುತ್ತದೆ.

ಸರ್ಟಿಫಿಕೇಟ್‌ಗಳ ಹೆಸರು ಅದಲು ಬದಲಾಗಲು ಸಾಮಾನ್ಯ ಕಾರಣ, ಎಕ್ಸೆಲ್ ಪಟ್ಟಿಯಲ್ಲಿ ಹೆಸರಿನ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸುವುದು. ಪಕ್ಕದ ಬಹುಮಾನದ ಕಾಲಂ ಇದ್ದಲ್ಲೇ ಉಳಿಯುತ್ತದೆ. ಒತ್ತಕ್ಷರ ಒಡೆಯುವುದು ಫಾಂಟ್ ಬದಲಾದಾಗ, ಆದ್ದರಿಂದ ಮುದ್ರಣಕ್ಕೆ ಪಿಡಿಎಫ್ ಮಾಡಿಯೇ ಕಳಿಸಿ. ಅದಕ್ಕೂ ಮೊದಲು ಪ್ರತಿ ಹೆಸರನ್ನು ಆಯಾ ಮಗುವಿಗೇ ತೋರಿಸಿ. ಮುದ್ರಿಸಿದ ಮೇಲೆ ಕರೆಯುವ ಕ್ರಮದಲ್ಲಿ ಜೋಡಿಸಿ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಹಾಕಿ. ಹೆಸರಿಲ್ಲದ ಐದು ಪ್ರತಿ ಕೈಯಲ್ಲಿರಲಿ.

ಸಮಾರಂಭಕ್ಕಿಂತ ಒಂದು ವಾರ ಮೊದಲೇ ಆಗಬೇಕಾದ ಕೆಲಸ ಇನ್ನೊಂದಿದೆ. ಹೋಗುವ ಶಿಕ್ಷಕರ ಬಳಿಯಿರುವ ಬೀರುವಿನ ಕೀಲಿಗಳು, ಅಂಕಪಟ್ಟಿಯ ಫೈಲುಗಳು, ತರಗತಿಯ ವಾಟ್ಸಾಪ್ ಗುಂಪಿನ ಅಡ್ಮಿನ್ ಹಕ್ಕು, ಲೈಬ್ರರಿ ಪುಸ್ತಕಗಳು ಇವನ್ನೆಲ್ಲ ಬರೆದುಕೊಂಡು ಮುಂದೆ ಬರುವವರ ಸಹಿ ಹಾಕಿಸಿಕೊಳ್ಳಿ. ಬರುವವರು ಇನ್ನೂ ಗೊತ್ತಾಗಿಲ್ಲವಾದರೆ ಮುಖ್ಯೋಪಾಧ್ಯಾಯರ ಸಹಿ ಸಾಕು.