ಎಟಿವಿ ಟೈಮಿಂಗ್: ಟಿ ಮಾರ್ಕ್ ನಂಬುವ ಮೊದಲು ಮ್ಯಾಗ್ನೆಟ್ ಕೀ ನೋಡಿ

ಕೊಡಗಿನ ರೆಸಾರ್ಟ್‌ಗಳಲ್ಲಿ ಓಡುವ ಚಿಕ್ಕ ಎಟಿವಿಗಳೇ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ನಮ್ಮ ಗ್ಯಾರೇಜಿಗೆ ಜಾಸ್ತಿ ಬರುತ್ತವೆ. ಸಿಲಿಂಡರ್ ಮಲಗಿರುವ 110 ಸಿಸಿ ಇಂಜಿನ್. ಹೆಡ್ ಬಿಚ್ಚಿ ಹಾಕಿದ ಮೇಲೆ ಪಿಕಪ್ ಇಲ್ಲ, ಸೈಲೆನ್ಸರ್‌ನಲ್ಲಿ ಪಟಪಟ ಹೊಡೆಯುತ್ತದೆ ಅಂದರೆ, ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮೊದಲು ನಾನು ಟೈಮಿಂಗ್ ನೋಡುತ್ತೇನೆ, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುತ್ತಿದೆಯಾ ಅಂತ.

ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಎರಡು ಸುತ್ತು ತಿರುಗಿದರೆ, ಚೈನಿನಿಂದ ತಿರುಗುವ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಒಂದು ಸುತ್ತು. ಕ್ಯಾಮ್ ಸ್ಪ್ರಾಕೆಟ್‌ಗೆ 28 ಹಲ್ಲಿದ್ದರೆ, ಒಂದೇ ಹಲ್ಲು ತಪ್ಪಿದರೂ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 26 ಡಿಗ್ರಿ ಹೋಯಿತು. ಸಣ್ಣ ವ್ಯತ್ಯಾಸ ಅಲ್ಲ ಅದು.

ಕ್ರ್ಯಾಂಕ್ ತುದಿಯ ಮ್ಯಾಗ್ನೆಟ್ (ಫ್ಲೈವೀಲ್) ಮೇಲಿನ ಟಿ ಗೆರೆ, ಅಂದರೆ ಪಿಸ್ಟನ್ ತುತ್ತತುದಿಗೆ ಬಂದ ಗುರುತು, ಕೇಸಿನ ಗುರುತಿಗೆ ಕೂರಬೇಕು. ಪಕ್ಕದ ಎಫ್ ಗೆರೆ ಸ್ಪಾರ್ಕ್‌ನದ್ದು, ಅದಕ್ಕೆ ಕೂರಿಸಬೇಡಿ. ಸ್ಪ್ರಾಕೆಟ್‌ನ ಚುಕ್ಕಿ ಹೆಡ್‌ನ ಗುರುತಿಗೆ ನೇರ ಬರಬೇಕು. ಚೈನ್ ಬಿಚ್ಚಿರುವಾಗ ಇದು ಕಂಪ್ರೆಷನ್ ಟಿನಾ (ಪಿಸ್ಟನ್ ಗಾಳಿ-ಪೆಟ್ರೋಲ್ ಒತ್ತಿ ತುದಿಗೆ ಬಂದಾಗಿನದು), ಎಕ್ಸಾಸ್ಟ್ ಟಿನಾ (ಹೊಗೆ ಹೊರಹಾಕಿ ಬಂದಾಗಿನದು) ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಬೇಕಿಲ್ಲ. ಅದನ್ನು ಕ್ಯಾಮ್ ತೀರ್ಮಾನ ಮಾಡುತ್ತದೆ. ಟ್ಯಾಪೆಟ್ (ರಾಕರ್-ವಾಲ್ವ್ ನಡುವಿನ ಸಂದು) ಇಡುವಾಗ ಮಾತ್ರ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲ ಇರುವ ಟಿ ಬೇಕು.

ಚೈನ್ ಹಾಕಿ ಟೆನ್ಷನರ್ (ಚೈನ್ ಬಿಗಿ ಇಡುವ ಭಾಗ) ಬಿಟ್ಟ ಮೇಲೆ, ಪ್ಲಗ್ ತೆಗೆದು, ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಇಂಜಿನ್ ಓಡುವ ದಿಕ್ಕಿಗೇ ಎರಡು ಸುತ್ತು ತಿರುಗಿಸಿ. ಚೈನಿನ ಸಡಿಲ ಟೆನ್ಷನರ್ ಬದಿಗೆ ಹೋದ ಮೇಲೆ ಕಾಣುವ ಗುರುತೇ ನಿಜ. ಮಧ್ಯೆ ಎಲ್ಲಾದರೂ ಗಟ್ಟಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.

ಮೊನ್ನೆ ನಮ್ಮ ಹುಡುಗ "ಅಣ್ಣಾ, ಎಲ್ಲಾ ಗುರುತೂ ಕೂತಿದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ" ಅಂದ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಪಿಸ್ಟನ್ ನಿಜವಾಗಿ ಎಲ್ಲಿದೆ ನೋಡಲು ಪ್ಲಗ್ ತೂತಿಗೆ ಪ್ಲಾಸ್ಟಿಕ್ ಸ್ಟ್ರಾ ಇಟ್ಟು ನಿಧಾನ ತಿರುಗಿಸಿದೆವು. ಸ್ಟ್ರಾ ಪೂರ್ತಿ ಹೊರಗೆ ಬಂದು ವಾಪಸ್ ಒಳಗೆ ಹೋಗತೊಡಗಿತು, ಟಿ ಗೆರೆ ಇನ್ನೂ ಗುರುತಿಗೆ ಬಂದಿರಲಿಲ್ಲ. ಅಂದರೆ ಮ್ಯಾಗ್ನೆಟ್ಟೇ ಜಾಗ ಬಿಟ್ಟಿದೆ. ಪುಲ್ಲರ್ ಹಾಕಿ ಎಳೆದರೆ, ಮ್ಯಾಗ್ನೆಟ್-ಶಾಫ್ಟ್ ನಡುವೆ ಕೂರುವ ಅರ್ಧಚಂದ್ರ ಆಕಾರದ ಲೋಹದ ಕೀ ಅಡ್ಡಡ್ಡ ಕತ್ತರಿಸಿತ್ತು. ಕ್ಯಾಮ್ ಟೈಮಿಂಗೂ ಹೋಗಿತ್ತು, ಸ್ಪಾರ್ಕೂ ಹೋಗಿತ್ತು.

ಸುಮ್ನೆ ಹೊಸ ಕೀ ಹಾಕಿದರೆ ಸಾಲದು. ಮ್ಯಾಗ್ನೆಟ್ಟನ್ನು ಹಿಡಿದಿಡುವುದು ಟೇಪರ್ (ತುದಿಗೆ ಕಿರಿದಾಗುತ್ತಾ ಹೋಗುವ ಭಾಗ), ಕೀ ಬರೀ ಜಾಗ ತೋರಿಸುತ್ತದೆ. ಶಾಫ್ಟ್, ಮ್ಯಾಗ್ನೆಟ್ ಎರಡರ ಟೇಪರನ್ನೂ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಆಮೇಲೆ ಕ್ಯಾಮ್ ಟೈಮಿಂಗನ್ನು ಮೊದಲಿಂದ ಕೂರಿಸಿ.