ಒಂದೇ ಮನೆ, ಎರಡು ಅಲಾರಾಂ

ಮದುವೆಯಾಗಿ 5 ತಿಂಗಳಾಯಿತು. ಒಂದೇ ಮನೆಯಲ್ಲಿದ್ದೂ ವಾರವಿಡೀ ಸರಿಯಾಗಿ ಮುಖ ನೋಡಿಕೊಳ್ಳೋಕೆ ಆಗದೇ ಹೋಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಇವರ ಅಲಾರಾಂ ಬೆಳಿಗ್ಗೆ 5ಕ್ಕೆ ಹೊಡೆಯುತ್ತದೆ. ನನ್ನ ಕೆಲಸ ಮುಗಿಯುವುದೇ ರಾತ್ರಿ 10ಕ್ಕೆ.

ಮೊದಲ ಎರಡು ತಿಂಗಳು ನಾನು ಹಠ ಹಿಡಿದು ಇವರ ಜೊತೆಗೇ ಏಳುತ್ತಿದ್ದೆ, ಇವರು ರಾತ್ರಿ ತೂಕಡಿಸುತ್ತಾ ನನಗಾಗಿ ಕಾಯುತ್ತಿದ್ದರು, ಅದೇ ಪ್ರೀತಿ ಅಂದುಕೊಂಡು ಇಬ್ಬರೂ ದಣಿದು ಹೋದೆವು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನಮಗೆ 5 ಗಂಟೆ ಸಿಕ್ಕರೆ ಜಾಸ್ತಿ. ನಿದ್ದೆಗೆಟ್ಟಾಗ ಸಣ್ಣ ಮಾತೂ ಚುಚ್ಚುತ್ತದೆ, ಅಲ್ವಾ? ಒಂದು ದಿನ ವಾಷಿಂಗ್ ಮೆಷಿನ್‌ನಲ್ಲಿ ಒದ್ದೆ ಬಟ್ಟೆ ಹಾಗೇ ಉಳಿದು ವಾಸನೆ ಬಂದಿತ್ತು. ಯಾರು ಒಣಗಿಸಬೇಕಿತ್ತು ಅನ್ನುವಷ್ಟಕ್ಕೇ ಜಗಳವಾಡಿ ಎರಡು ದಿನ ಮಾತು ಬಿಟ್ಟೆವು. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಮೂರನೇ ದಿನ ಇವರೇ ಬಂದು ಪಕ್ಕದಲ್ಲಿ ಕೂತರು. ಅವತ್ತಿಂದ ಭಾನುವಾರ ಸಂಜೆ ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟು ಮಾತಾಡುತ್ತೇವೆ. ಯಾರಿಗೆ ಯಾವ ದಿನ ತಡ, ಬಟ್ಟೆ ಯಾರ ಪಾಲು, ಕರೆಂಟ್ ಬಿಲ್ ಯಾರು ಕಟ್ಟಬೇಕು, ಎಲ್ಲವನ್ನೂ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ವಾರದ ಮಧ್ಯೆ ಏನಾದರೂ ಬದಲಾದರೆ ಅಳಿಸಿ ಬರೆಯಬಹುದು.

ಒಬ್ಬರಿಗೊಬ್ಬರು ನಿದ್ದೆಗೆಟ್ಟು ಕಾಯುವುದನ್ನು ಬಿಟ್ಟೆವು. ಇವರು ಮಲಗುವ ಮುಂಚೆ ಕನ್ನಡಿಯ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ನಿನ್ನೆಯದರಲ್ಲಿ "ನಿನ್ನ ಚಪ್ಪಲಿ ಹೊಲಿಸಿ ತಂದಿದ್ದೀನಿ, ಬಾಗಿಲ ಹತ್ತಿರ ಇದೆ" ಅಂತಿತ್ತು. ಇವರಿಗೆ ಎಚ್ಚರ ಆಗಬಾರದು ಅಂತ ಮೊಬೈಲ್ ಬೆಳಕಲ್ಲೇ ಅದನ್ನು ಎರಡು ಸಲ ಓದಿದೆ. ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.