ಬೀಗದೊಳಗಿನ ನೀಲಿ ಇನ್ಹೇಲರ್

ಆ ಶಾಲೆಯವರು ಕರೆದದ್ದು ಆರೋಗ್ಯದ ಬಗ್ಗೆ ಒಂದು ಗಂಟೆ ಮಾತಾಡಿ ಅಂತ. ಶನಿವಾರ ಬಿಡುವಿತ್ತು, ಒಪ್ಪಿಕೊಂಡೆ. ಕೈ ತೊಳೆಯುವುದು, ನಿದ್ದೆ, ವ್ಯಾಯಾಮ, ಶ್ವಾಸಕೋಶದ ಬಣ್ಣಬಣ್ಣದ ಚಿತ್ರ, ಎಲ್ಲ ಸೇರಿ ನಲವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಹದಿನೈದು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಮಕ್ಕಳು ಕಿಟಕಿಯಾಚೆ ನೋಡತೊಡಗಿದ್ದರು.

ಆಸ್ತಮಾದ ಮಾತು ಬಂದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿದಳು.

"ನನಗೂ ಇನ್ಹೇಲರ್ ಕೊಟ್ಟಿದಾರೆ ಡಾಕ್ಟರ್. ತಗೊಂಡ್ರೂ ಏನೂ ಆಗಲ್ಲ."

"ಎಲ್ಲಿ, ತೋರಿಸು" ಅಂದೆ. ಅವಳ ಹತ್ತಿರ ಇರಲಿಲ್ಲ. ಅದು ಶಿಕ್ಷಕರ ಕೊಠಡಿಯ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು, ಬೀಗದ ಕೈ ಇದ್ದ ಶಿಕ್ಷಕಿ ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದರು. ಅವರನ್ನು ಕರೆತಂದು, ಬೀಗ ತೆಗೆಸಿ, ಆ ನೀಲಿ ಇನ್ಹೇಲರ್ ನಮ್ಮ ಕೈಗೆ ಬರುವಷ್ಟರಲ್ಲಿ ಆರು ನಿಮಿಷ ಕಳೆದಿತ್ತು. ಉಸಿರಾಡಲಾಗದೆ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೆಳೆಯುತ್ತಿರುವ ಮಗುವಿಗೆ ಆರು ನಿಮಿಷ ಎಷ್ಟು ದೀರ್ಘ ಎನ್ನುವುದನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಣ್ಣಾರೆ ಕಂಡವಳು ನಾನು. ಔಷಧ ಮಕ್ಕಳ ಕೈಗೆ ಸಿಗಬಾರದೆಂಬ ಕಾಳಜಿಯಿಂದಲೇ ಹಾಕಿದ ಬೀಗ ಅದು. ಬೈಯುವ ಮನಸ್ಸಾಗಲಿಲ್ಲ. ಆದರೆ ಎದೆ ಝಲ್ಲೆಂದಿತು.

"ದಿನಾ ಹೇಗೆ ತಗೋತೀಯೋ ಹಾಗೇ ತಗೊಂಡು ತೋರಿಸು" ಅಂದೆ. ಮುಚ್ಚಳ ತೆಗೆದಳು. ಅಲ್ಲಾಡಿಸಲಿಲ್ಲ. ಬಾಯಿಗಿಟ್ಟು ಒತ್ತಿದಳು, ಒಂದು ಕ್ಷಣ ಬಿಟ್ಟು ಉಸಿರೆಳೆದಳು. ಅಷ್ಟರಲ್ಲಿ ಬಿಳಿಯ ಮಂಜು ನಾಲಿಗೆಗೆ ಬಡಿದು, ತುಟಿಯ ಸಂದಿಯಿಂದ ಹೊರಬಂದು, ಮೂಗಿನ ಮುಂದೆ ಸುಳಿದು ಕರಗಿಹೋಯಿತು. ಅವಳ ಔಷಧ ಇಷ್ಟು ದಿನವೂ ಹೀಗೆ ಗಾಳಿಗೆ ಹೋಗುತ್ತಿತ್ತು. ಇಂಥ ರೋಗಿಗಳು ಗುಣ ಕಾಣುತ್ತಿಲ್ಲ ಅಂದಾಗ ಡೋಸ್ ಹೆಚ್ಚಿಸಿ ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು. ರೋಗಿಯ ಕೈಯಲ್ಲೇ ಮಾಡಿಸಿ ನೋಡಲು ಎರಡು ನಿಮಿಷ ಸಾಕಿತ್ತು.

ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. 500 ಮಿ.ಲೀ. ನೀರಿನ ಖಾಲಿ ಬಾಟಲಿಯೊಂದನ್ನು ತರಿಸಿದೆ. ತಳದಲ್ಲಿ ಇನ್ಹೇಲರಿನ ಬಾಯಿ ಸರಿಯಾಗಿ ಕೂರುವಷ್ಟು ತೂತು ಕೊರೆದು, ಸುತ್ತ ಗಾಳಿ ಸೋರದ ಹಾಗೆ ಟೇಪ್ ಸುತ್ತಿದೆವು. ಹೀಗೆ ಸಂದಿಯನ್ನು ಮುಚ್ಚಿದ ಬಾಟಲಿ, ಆಸ್ತಮಾ ಉಲ್ಬಣಿಸಿದ ಮಕ್ಕಳಲ್ಲಿ, ಇನ್ಹೇಲರಿಗೂ ಬಾಯಿಗೂ ನಡುವೆ ಔಷಧದ ಮಂಜನ್ನು ಹಿಡಿದಿಡುವ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು ತೋರಿಸಿಕೊಟ್ಟು, ಅದು 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಒಳ್ಳೆಯ ಸ್ಪೇಸರ್ ಸಿಗುವ ಕಡೆ ಅದನ್ನೇ ಬಳಸಬೇಕು, ಸಿಗುವ ತನಕ ಇದು. ದೊಡ್ಡ ಹನಿಗಳು ಬಾಟಲಿಯ ಒಳಮೈಗೆ ಅಂಟಿಕೊಳ್ಳುತ್ತವೆ, ಸಣ್ಣವು ಉಸಿರಿನೊಡನೆ ಒಳಗಿಳಿಯುತ್ತವೆ. ಒತ್ತುವುದೂ ಎಳೆಯುವುದೂ ಒಂದೇ ಗಳಿಗೆಯಲ್ಲಿ ಕೂಡಿಬರಲೇಬೇಕೆಂಬ ಕಷ್ಟ ತಪ್ಪುತ್ತದೆ.

ಕಿಟಕಿ ನೋಡುತ್ತಿದ್ದವರೆಲ್ಲ ಮೇಜಿನ ಸುತ್ತ ಬಂದು ನಿಂತಿದ್ದರು. ಅವರಿಗೆ ಈ ಬಗೆಯ ಇನ್ಹೇಲರ್ ಹುಟ್ಟಿದ ಕತೆ ಹೇಳಿದೆ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರ 13 ವರ್ಷದ ಮಗಳಿಗೆ ಆಸ್ತಮಾ ಇತ್ತು. ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯಲ್ಲಿ ಬರುತ್ತದಲ್ಲ, ನನ್ನ ಔಷಧ ಯಾಕೆ ಹಾಗೆ ಬರಬಾರದು ಅಂತ ಅವಳು ಅಪ್ಪನನ್ನು ಕೇಳಿದಳು. ಆ ಪ್ರಶ್ನೆಯ ಬೆನ್ನುಹತ್ತಿ ಹೋಗಿ 1956ರಲ್ಲಿ ಹೀಗೆ ಒತ್ತಿ ತೆಗೆದುಕೊಳ್ಳುವ ಮೊದಲ ಇನ್ಹೇಲರ್ ಮಾರುಕಟ್ಟೆಗೆ ಬಂತು. "ನನಗಿಂತ ಒಂದೇ ವರ್ಷ ದೊಡ್ಡವಳು" ಅಂದಳು ನಮ್ಮ ಹುಡುಗಿ. ಬಾಟಲಿಯ ಬಾಯಿಗೆ ತುಟಿಯಿಟ್ಟು ನಿಧಾನವಾಗಿ ಉಸಿರೆಳೆದಳು. ಈ ಸಲ ಮಂಜು ಹೊರಗೆ ಬರಲಿಲ್ಲ.

ಊಟದ ಬಿಡುವಿನಲ್ಲಿ ಶಿಕ್ಷಕರ ಜೊತೆ ಕೂತೆ. ನಿಜವಾದ ಕೆಲಸ ಆದದ್ದು ಅಲ್ಲೇ. ಮಗುವಿಗೆ ಉಸಿರು ಕಟ್ಟಿದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಒಂಟಿಯಾಗಿ ಬಿಡಬೇಡಿ ಅಂದೆ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಕಲಿಸುವ ನಾಲ್ಕರ ಲೆಕ್ಕವನ್ನು ಹೇಳಿಕೊಟ್ಟೆ: ಸ್ಪೇಸರ್ ಮೂಲಕ ಒಂದೊಂದಾಗಿ 4 ಪಫ್, ಪ್ರತಿ ಪಫ್‌ಗೆ 4 ಉಸಿರು, ಆಮೇಲೆ 4 ನಿಮಿಷ ಕಾಯುವುದು. ಸುಧಾರಿಸದಿದ್ದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವ ತನಕ ಮತ್ತೆ ಅದೇ. ಮಾತು ಸಾಲುಸಾಲಾಗಿ ಬಾರದೆ ತುಂಡಾಗುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಮೊದಲೇ ಫೋನ್. ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿದೆ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ ಅಂದಾಗ, ಬಟ್ಟೆಯಿಂದ ಯಾಕೆ ಒರೆಸಬಾರದು ಅಂತ ವಿಜ್ಞಾನದ ಶಿಕ್ಷಕರು ಕೇಳಿದರು. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ ಅಂತ ನಾನು ಹೇಳುವ ಮೊದಲೇ ಅವರಿಗೇ ಹೊಳೆದಿತ್ತು.

ಹುಡುಗಿಗೆ ಅಲ್ಲಿ ನಾನು ಹೊಸ ಔಷಧ ಬರೆಯಲಿಲ್ಲ. ಶಾಲೆಗೆ ಸ್ವಯಂಸೇವಕಿಯಾಗಿ ಹೋದವಳು ಅವಳ ವೈದ್ಯೆ ಆಗಲಾರೆ. ತಾಯಿಗೆ ಫೋನ್ ಮಾಡಿ, ಅವರ ಒಪ್ಪಿಗೆ ಪಡೆದು, ಅವಳನ್ನು ನೋಡುವ ವೈದ್ಯರಿಗೆ ಅರ್ಧ ಪುಟದ ಪತ್ರ ಬರೆದೆ: ತಕ್ಷಣಕ್ಕೆ ಉಸಿರು ಸರಾಗ ಮಾಡುವ ನೀಲಿಯದನ್ನೇ ಪದೇಪದೇ ಬಳಸುತ್ತಿದ್ದಾಳೆ, ತೆಗೆದುಕೊಳ್ಳುವ ಕ್ರಮ ಸರಿಯಿರಲಿಲ್ಲ, ಉರಿಯೂತ ತಗ್ಗಿಸುವ ಔಷಧ ಬೇಕೇ ದಯವಿಟ್ಟು ಪರಿಶೀಲಿಸಿ. ಊರೂರು ತಿರುಗಿ ಮಾತ್ರೆ ಹಂಚಿ ಬರುವ ಶಿಬಿರಗಳಲ್ಲಿ ನಾನೂ ದುಡಿದಿದ್ದೇನೆ. ಅಲ್ಲಿ ನೋಡಿದ ನೂರಾರು ಜನರಲ್ಲಿ ಆಮೇಲೆ ಯಾರು ಏನಾದರೋ ನನಗೆ ತಿಳಿಯದು. ಅದಕ್ಕೇ ಈಗ ಒಂದೇ ಶಾಲೆಗೆ ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಹೋಗುವ ಮುಂಚೆ ಏನು ಬೇಕು ಅಂತ ಅವರನ್ನೇ ಕೇಳುತ್ತೇನೆ.

ಎರಡನೇ ಸಲ ಹೋದಾಗ ಅವಳ ಇನ್ಹೇಲರ್ ಅವಳ ಚೀಲದಲ್ಲೇ ಇತ್ತು. ಇನ್ನೊಂದು, ಸ್ಪೇಸರ್ ಸಮೇತ, ಕಚೇರಿಯ ಬಾಗಿಲ ಬಳಿಯ ಬೀಗವಿಲ್ಲದ ಪೆಟ್ಟಿಗೆಯಲ್ಲಿ. ಯಾರಿಗೂ ಮುಂಚೆ ಹೇಳದೆ ಆಟದ ಶಿಕ್ಷಕರಿಗೆ, "ಮೈದಾನದಲ್ಲಿ ಒಂದು ಮಗುವಿಗೆ ಉಸಿರು ಕಟ್ಟಿದೆ ಅಂದ್ಕೊಳ್ಳಿ" ಅಂದೆ. ಓಡಿ ಹೋಗಿ ತಂದರು. ಐವತ್ತು ಸೆಕೆಂಡ್. ಪೆಟ್ಟಿಗೆಯ ಮೇಲೆ ಔಷಧದ ಅವಧಿ ಮುಗಿಯುವ ತಿಂಗಳನ್ನು ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು. ನನ್ನ ಡೈರಿಯಲ್ಲೂ ಗುರುತು ಹಾಕಿಕೊಂಡೆ.